ಮೊದಲು ಮೇಜಿನ ಮೇಲೆ, ಆಮೇಲೆ ದೋಣಿಯಲ್ಲಿ

ಆರು ವರ್ಷಗಳ ಹಿಂದಿನ ಒಂದು ಬೆಳಿಗ್ಗೆ ನಮ್ಮ ದೋಣಿಯ ಆಳಮಾಪಕದ ಪರದೆ ಅಂಕಿಗಳ ಬದಲು ಮೂರು ಅಡ್ಡಗೆರೆ ತೋರಿಸಿ ನಿಂತುಬಿಟ್ಟಿತು. ಇನ್ನೂ ಹಾಯಿ ಏರಿಸಿರಲಿಲ್ಲ. ಎಂಜಿನ್ ಬಲದಲ್ಲೇ ಮೆಲ್ಲಗೆ ಹೊರಟಿದ್ದೆವು, ಚುಕ್ಕಾಣಿ ತಮ್ಮನ ಕೈಯಲ್ಲಿತ್ತು. ನಾನು ಗುಂಡಿ ಒತ್ತಿ ನೋಡಿದೆ, ಬ್ರೇಕರ್ ಆರಿಸಿ ಮತ್ತೆ ಹಾಕಿದೆ. ಅಡ್ಡಗೆರೆಗಳೂ ಹೋಗಿ ಪರದೆ ಪೂರ್ತಿ ಕಪ್ಪಾಯಿತು. "ಅಕ್ಕಾ, ಇದರಲ್ಲಿ ಪ್ರಾಣವಿಲ್ಲ. ತಿರುಗಿಸಲೇ?" ಎಂದು ತಮ್ಮ ಕೇಳಿದ. ತಿರುಗಿಸು ಎಂದೆ.

ನಮ್ಮದು ಒಂಬತ್ತು ಮೀಟರ್ ಉದ್ದದ ಫೈಬರ್‌ಗ್ಲಾಸ್ ಹಾಯಿದೋಣಿ. ಮೂವರ ಕೈ ದಾಟಿ ನಮ್ಮಿಬ್ಬರ ಪಾಲಿಗೆ ಬಂದದ್ದು. ಅದರ ಉಪಕರಣಗಳೆಲ್ಲ ಒಂದೇ ಕಾಲದವು, ಒಂದೇ ತಯಾರಕರವು, ಒಂದನ್ನೊಂದು ಕೈಹಿಡಿದುಕೊಂಡು ನಿಂತಂಥವು. ಹೊಸ ಮಾದರಿಯ ಪರದೆ ಹಳೆಯ ರಂಧ್ರಕ್ಕೆ ಕೂರುವುದಿಲ್ಲ. ಹೇಗಾದರೂ ಮಾಡಿ ಕೂರಿಸಿದರೂ ನೀರಿನೊಳಕ್ಕೆ ಶಬ್ದ ಕಳುಹಿಸಿ ಅದರ ಪ್ರತಿಧ್ವನಿ ಕೇಳುವ ಹಳೆಯ ಟ್ರಾನ್ಸ್‌ಡ್ಯೂಸರ್ ಹೇಳುವುದು ಅದಕ್ಕೆ ಅರ್ಥವಾಗುವುದಿಲ್ಲ. ಟ್ರಾನ್ಸ್‌ಡ್ಯೂಸರ್ ಬದಲಿಸಬೇಕೆಂದರೆ ದೋಣಿಯನ್ನು ನೀರಿನಿಂದ ಮೇಲೆತ್ತಬೇಕು. ಅಂಗೈಯಗಲದ ಒಂದು ಪರದೆ ಸತ್ತದ್ದಕ್ಕೆ ಇಡೀ ಸಾಲನ್ನೇ ಕಿತ್ತು ಹಾಕುವುದು ನನಗೆ ಒಪ್ಪಿಗೆಯಾಗಲಿಲ್ಲ. ಅಂದು ರಾತ್ರಿ ಅದೇ ಮಾದರಿಯ ಪರದೆಗಾಗಿ ಆನ್‌ಲೈನ್ ಮಾರುಕಟ್ಟೆಯಲ್ಲಿ ಹುಡುಕಲು ಕುಳಿತೆ. ಆಗ ಶುರುವಾದ ಹುಡುಕಾಟ ಇಂದಿಗೂ ನಿಂತಿಲ್ಲ. ಈಗ ನಮ್ಮ ದೋಣಿಯಲ್ಲಿರುವ ಎಲೆಕ್ಟ್ರಾನಿಕ್ಸ್‌ನಲ್ಲಿ ಎರಡೇ ಎರಡನ್ನು ಬಿಟ್ಟು ಉಳಿದದ್ದೆಲ್ಲ ಹೀಗೆ ಯಾರೋ ಅಪರಿಚಿತರಿಂದ ಕಡಿಮೆ ಬೆಲೆಗೆ ಬಂದದ್ದು.

ಇಷ್ಟು ಅಗ್ಗಕ್ಕೆ ಏಕೆ ಮಾರುತ್ತಾರೆ ಎಂಬ ಅನುಮಾನ ಮೊದಮೊದಲು ನನ್ನನ್ನು ಕಾಡುತ್ತಿತ್ತು. ಈಗ ಉತ್ತರ ಗೊತ್ತಿದೆ. ನಾನು ಒಂದು ಪರದೆಗಾಗಿ ಸಾಲನ್ನೆಲ್ಲ ಕೀಳಲು ಒಪ್ಪಲಿಲ್ಲ. ಬಹಳಷ್ಟು ಜನ ಒಪ್ಪುತ್ತಾರೆ. ಅವರ ಪ್ಲಾಟರ್ (ನಕ್ಷೆಯ ಮೇಲೆ ದೋಣಿಯ ಸ್ಥಾನ ತೋರಿಸುವ ಪರದೆ) ಹಳೆಯದಾಯಿತೆಂದು ಅದರ ಜೊತೆಗಿದ್ದ ಗಾಳಿಮಾಪಕ, ದಿಕ್ಸೂಚಿ ಸಂವೇದಕ, ಕೇಬಲ್‌ಗಳು ಎಲ್ಲವೂ ಕೆಳಗಿಳಿಯುತ್ತವೆ. ಅವುಗಳಲ್ಲಿ ಬಹುಪಾಲು ಚೆನ್ನಾಗಿಯೇ ಕೆಲಸ ಮಾಡುತ್ತಿರುತ್ತವೆ. ಪೆಟ್ಟಿಗೆ ತೆರೆದು ಹಿಂತಿರುಗಿಸಿದ ಮಾಲು, ಪ್ರದರ್ಶನಕ್ಕಿಟ್ಟಿದ್ದ ಮಾಲು, ತಯಾರಿಕೆ ನಿಂತ ಮಾದರಿಯ ಉಳಿಕೆ, ದೋಣಿ ಕಟ್ಟುವವರ ಬಳಿ ಹೆಚ್ಚಾಗಿ ಉಳಿದ ಕೇಬಲ್ ಕಟ್ಟುಗಳು, ಇವೂ ಸೇರಿಕೊಳ್ಳುತ್ತವೆ. ಇವೆಲ್ಲ ಒಳ್ಳೆಯ ಕಾರಣಗಳು. ಕೆಟ್ಟ ಕಾರಣಗಳು ಎರಡಿವೆ: ಕದ್ದ ಮಾಲು ಮತ್ತು ಮುಳುಗಿದ ದೋಣಿಯ ಮಾಲು. ಅವುಗಳ ಬಗ್ಗೆ ಮುಂದೆ ಹೇಳುತ್ತೇನೆ.

ಮೊದಲ ಪರದೆ ಕೊಳ್ಳುವಾಗ ನನಗೆ ದಾರಿ ತೋರಿಸಿದ್ದು ಪಾರ್ಟ್ ನಂಬರ್. ಸತ್ತ ಪರದೆಯನ್ನು ಬಿಚ್ಚಿ ಅದರ ಬೆನ್ನಿನ ಚೀಟಿಯನ್ನು ಓದಿಕೊಂಡೆ. ಹೆಸರು ಹಾಕಿ ಹುಡುಕಿದಾಗ ಹತ್ತಾರು ಪರದೆಗಳು ಕಂಡಿದ್ದವು. ಪೂರ್ತಿ ಸಂಖ್ಯೆ ಹಾಕಿ ಹುಡುಕಿದಾಗ ನಾಲ್ಕೇ ನಾಲ್ಕು ಉಳಿದವು. ಒಂದೇ ಹೆಸರಿನ, ಒಂದೇ ಮುಖದ ಪರದೆಗಳಲ್ಲಿ ಒಂದು ಟ್ರಾನ್ಸ್‌ಡ್ಯೂಸರ್‌ಗೆ ನೇರವಾಗಿ ಜೋಡಣೆಯಾಗುತ್ತದೆ, ಇನ್ನೊಂದು ಬೇರೆ ಉಪಕರಣ ಅಳೆದದ್ದನ್ನು ತೋರಿಸಲಷ್ಟೇ ಬರುತ್ತದೆ. ಚಿತ್ರದಲ್ಲಿ ಈ ವ್ಯತ್ಯಾಸ ಕಾಣುವುದೇ ಇಲ್ಲ. ಸಂಖ್ಯೆಯ ಕೊನೆಯ ಒಂದು ಅಕ್ಷರದಲ್ಲಿ ಮಾತ್ರ ಇರುತ್ತದೆ. ಆ ನಾಲ್ವರಲ್ಲಿ ಬೆನ್ನಿನ ಚಿತ್ರ ಕಳುಹಿಸಲು ಒಪ್ಪಿದವರು ಒಬ್ಬರೇ. ಅವರಿಂದಲೇ ತರಿಸಿದೆ. ಹಳೆಯ ಪರದೆ ಇದ್ದ ಜಾಗದಲ್ಲಿ ಅದು ಕೂತು, ಎರಡು ಸೆಕೆಂಡಿನಲ್ಲಿ ದೋಣಿಯ ತಳದ ಕೆಳಗಿನ ನೀರನ್ನು ಅಳೆದು ಹೇಳಿತು. ಆ ಅಂಕಿಯನ್ನು ನೋಡಿ ನನಗಾದ ಸಂತೋಷವನ್ನು ಹೇಗೆ ಬರೆಯಲಿ! ಎರಡು ದಶಕ ಹಳೆಯ ಸಾಧನವೊಂದು ಕಸದ ಬುಟ್ಟಿಯಿಂದ ತಪ್ಪಿಸಿಕೊಂಡು ಮತ್ತೆ ತನ್ನ ಕೆಲಸಕ್ಕೆ ಮರಳಿತ್ತು.

ಆ ಸಂತೋಷದ ಬೆನ್ನಲ್ಲೇ ಮಾಡಿದ ತಪ್ಪನ್ನು ವಿವರವಾಗಿ ಹೇಳಬೇಕು. ಏಕೆಂದರೆ ನಾನು ಈಗ ಪಾಲಿಸುವ ನಿಯಮ ಹುಟ್ಟಿದ್ದು ಅದರಿಂದಲೇ.

ಮುಂದಿನ ವರ್ಷ ಚಾರ್ಟ್‌ಪ್ಲಾಟರ್‌ಗೆ ಸೋನಾರ್, ಅಂದರೆ ಶಬ್ದದಿಂದ ನೀರಿನ ತಳವನ್ನು ತೋರಿಸುವ ವ್ಯವಸ್ಥೆ, ಸೇರಿಸುವ ಮನಸ್ಸಾಯಿತು. ದೋಣಿಗೆ ತೂತು ಕೊರೆಯುವುದು ಬೇಡವೆಂದು, ಹಲ್‌ನ (ದೋಣಿಯ ಹೊರಕವಚದ) ಒಳಮೈಗೆ ಅಂಟಿಸುವ ಟ್ರಾನ್ಸ್‌ಡ್ಯೂಸರ್ ಹುಡುಕಿದೆ. ಗಟ್ಟಿ ಫೈಬರ್‌ಗ್ಲಾಸ್‌ನ ಮೂಲಕ ಶಬ್ದ ಹಾದುಹೋಗುತ್ತದೆ. ನಡುವೆ ಫೋಮ್ ಅಥವಾ ಮರದ ಪದರವಿದ್ದರೆ ಹೋಗುವುದಿಲ್ಲ. ನಮ್ಮದು ಗಟ್ಟಿ ಹಲ್. ಹೊಸದರ ಕಾಲುಭಾಗ ಬೆಲೆಗೆ ಒಂದು ಸಿಕ್ಕಿತು. ಚಿತ್ರದಲ್ಲಿ ಟ್ರಾನ್ಸ್‌ಡ್ಯೂಸರ್ ಅಚ್ಚುಕಟ್ಟಾಗಿ ಕಾಣುತ್ತಿತ್ತು, ಸುತ್ತಿಟ್ಟ ಕೇಬಲ್ ಕಾಣುತ್ತಿತ್ತು. ಕೇಬಲ್‌ನ ತುದಿ ಚಿತ್ರದ ಚೌಕಟ್ಟಿನ ಆಚೆಗಿತ್ತು. ಪಾರ್ಸೆಲ್ ತೆರೆದಾಗ ತುದಿಯಲ್ಲಿ ಪ್ಲಗ್ ಇರಲಿಲ್ಲ. ದೋಣಿಯಿಂದ ಬಿಚ್ಚುವಾಗ ಪ್ಲಗ್ ಕಿರಿದಾದ ರಂಧ್ರದಲ್ಲಿ ಹಿಂದೆ ಬರಲಿಲ್ಲವೆಂದು ಯಾರೋ ಕತ್ತರಿಸಿದ್ದರು. ವಿವರಣೆಯಲ್ಲಿ ಆ ಬಗ್ಗೆ ಒಂದು ಪದವೂ ಇರಲಿಲ್ಲ. ಆಗಲೇ ಹಿಂತಿರುಗಿಸಬೇಕಿತ್ತು. ಪ್ಲಗ್ ಇರುವ ಇನ್ನೊಂದು ತುಂಡು ಕೇಬಲ್ ತಂದು ಬಣ್ಣಕ್ಕೆ ಬಣ್ಣ ಸೇರಿಸಿ ಬೆಸುಗೆ ಹಾಕಿದೆ, ಶಾಖಕ್ಕೆ ಕುಗ್ಗುವ ಕೊಳವೆ ಹೊದಿಸಿದೆ, ಎಪಾಕ್ಸಿಯಿಂದ ಟ್ರಾನ್ಸ್‌ಡ್ಯೂಸರನ್ನು ಹಲ್‌ಗೆ ಅಂಟಿಸಿಯೂ ಬಿಟ್ಟೆ.

ಹತ್ತು ಮೀಟರ್ ನೀರಿನಲ್ಲಿ ಅದು ಅದ್ಭುತವಾಗಿ ಕೆಲಸ ಮಾಡಿತು. ಮೂವತ್ತು ಮೀಟರ್ ದಾಟಿದ ಮೇಲೆ ತಳ ಮಾಯವಾಗತೊಡಗಿತು. ಎಂಜಿನ್ ಓಡುತ್ತಿದ್ದರೆ ಪರದೆಯ ತುಂಬ ಮಳೆ ಹೊಯ್ದಂತೆ ಚುಕ್ಕೆಗಳು. ಕಾರಣ ಆಮೇಲೆ ಅರ್ಥವಾಯಿತು. ನೀರಿನಲ್ಲಿ ಶಬ್ದ ಸೆಕೆಂಡಿಗೆ ಸುಮಾರು 1500 ಮೀಟರ್ ವೇಗದಲ್ಲಿ ಚಲಿಸುತ್ತದೆ. ಮೂವತ್ತು ಮೀಟರ್ ಆಳಕ್ಕೆ ಹೋಗಿ ಮರಳಲು ಅದಕ್ಕೆ ಸೆಕೆಂಡಿನ ಇಪ್ಪತ್ತೈದನೆಯ ಒಂದು ಭಾಗ ಸಾಕು. ಆದರೆ ಮರಳುವಾಗ ಅದರಲ್ಲಿ ಉಳಿದಿರುವ ಶಕ್ತಿ ಬಹಳ ಕಡಿಮೆ, ಆಳ ಹೆಚ್ಚಿದಂತೆ ಇನ್ನೂ ಕಡಿಮೆ. ಆ ಕ್ಷೀಣ ಸಂಕೇತವನ್ನು ಹೊರಗಿನ ಗದ್ದಲದಿಂದ ಕಾಪಾಡುವುದು ತಂತಿಗಳ ಸುತ್ತ ಇರುವ ಲೋಹದ ಹೊದಿಕೆ. ನಾನು ತಂತಿಗಳನ್ನು ಜೋಡಿಸಿದ್ದೆ, ಆ ಹೊದಿಕೆಯನ್ನು ಎರಡು ಬೆರಳಿನಷ್ಟು ಉದ್ದ ಬಿಟ್ಟುಬಿಟ್ಟಿದ್ದೆ. ಎಂಜಿನ್ ಬಲದಿಂದ ವಿದ್ಯುತ್ ಮಾಡುವ ಆಲ್ಟರ್ನೇಟರ್‌ನ ಗದ್ದಲ ಅಲ್ಲಿಂದಲೇ ಒಳನುಗ್ಗುತ್ತಿತ್ತು. ಅಷ್ಟು ಹೊತ್ತಿಗೆ ಹಿಂತಿರುಗಿಸುವ ಅವಧಿ ಕಳೆದು ತಿಂಗಳುಗಳಾಗಿದ್ದವು. ಎಪಾಕ್ಸಿಯಲ್ಲಿ ಕೂತ ಟ್ರಾನ್ಸ್‌ಡ್ಯೂಸರ್ ಉಳಿಯಿಂದ ಎಬ್ಬಿಸುವಾಗ ಒಡೆಯಿತು.

ದೋಣಿಯ ಬಿಡಿಭಾಗಗಳಲ್ಲಿ ಇದೇ ದೊಡ್ಡ ತೊಡಕು. ದೋಣಿ ದಡದ ಮೇಲಿರುವ ತಿಂಗಳುಗಳಲ್ಲಿ ನಾವು ಕೊಳ್ಳುತ್ತೇವೆ, ನೀರಿಗಿಳಿಸಿದ ಮೇಲೆ ಪರೀಕ್ಷಿಸುತ್ತೇವೆ. ಮಾರುಕಟ್ಟೆಯವರು ದೂರು ಕೇಳುವುದು ಎರಡು ವಾರವೋ ನಾಲ್ಕು ವಾರವೋ ಅಷ್ಟೆ. ಹಾಗಾಗಿ ಅಂದಿನಿಂದ ಒಂದೇ ಪ್ರಶ್ನೆ ಕೇಳಿಕೊಳ್ಳುತ್ತೇನೆ: ಇದರ ದೋಷ ಮನೆಯ ಮೇಜಿನ ಮೇಲೆ ಗೊತ್ತಾಗುತ್ತದೆಯೇ, ಅಥವಾ ನೀರಿನ ಮೇಲೆ ಮಾತ್ರ ಗೊತ್ತಾಗುತ್ತದೆಯೇ? ಮೇಜಿನ ಮೇಲೆ ಗೊತ್ತಾಗುವಂಥದ್ದಾದರೆ ಕೊಳ್ಳುತ್ತೇನೆ, ಬಂದ ದಿನವೇ ಪರೀಕ್ಷಿಸುತ್ತೇನೆ.

ಅದಕ್ಕಾಗಿ ಒಂದು ಹಲಗೆಯ ಮೇಲೆ ಪುಟ್ಟ ಜಾಲ ಕಟ್ಟಿಕೊಂಡಿದ್ದೇನೆ. ಒಂದು 12 ವೋಲ್ಟ್ ಬ್ಯಾಟರಿ, ಮೂರು ಆಂಪಿಯರ್ ಫ್ಯೂಸ್, ನಾಲ್ಕು ಟಿ-ಕನೆಕ್ಟರ್, ಎರಡು ತುದಿಗೆ ಎರಡು ಟರ್ಮಿನೇಟರ್, ಮತ್ತು ಚೆನ್ನಾಗಿದೆ ಎಂದು ಗೊತ್ತಿರುವ ಒಂದು ಹಳೆಯ ಪರದೆ. ಇಂದಿನ ದೋಣಿಗಳ ಉಪಕರಣಗಳು ಮಾತನಾಡಿಕೊಳ್ಳುವ ಎನ್‌ಎಂಇಎ 2000 ಜಾಲ ಕಾರುಗಳಲ್ಲಿರುವ ಕ್ಯಾನ್ ಬಸ್ ಎಂಬ ತಂತಿಜಾಲದ ಮೇಲೆಯೇ ಕಟ್ಟಿದ್ದು. ಅದರ ಎರಡೂ ತುದಿಗಳಲ್ಲಿ 120 ಓಮ್‌ನ ಪ್ರತಿರೋಧಕಗಳಿರಬೇಕು, ಅವೇ ಟರ್ಮಿನೇಟರ್‌ಗಳು. ಕರೆಂಟು ತೆಗೆದು, ಸುತ್ತಿನ ಕನೆಕ್ಟರ್‌ನ ನಾಲ್ಕನೆಯ ಮತ್ತು ಐದನೆಯ ಪಿನ್ನಿನ ನಡುವೆ ಮಲ್ಟಿಮೀಟರ್ ಹಿಡಿದರೆ ಸುಮಾರು 60 ಓಮ್ ತೋರಿಸಬೇಕು. ಒಮ್ಮೆ ಅಗ್ಗದ ಕಟ್ಟೊಂದರಲ್ಲಿ ಬಂದ ಟರ್ಮಿನೇಟರ್ ಹಾಕಿದಾಗ ಮೀಟರ್ 120 ತೋರಿಸಿತು. ತಿರುಗಿಸಿ ತಿರುಗಿಸಿ ನೋಡಿದೆ. ಹೊರಗಿನಿಂದ ಟರ್ಮಿನೇಟರ್‌ನಂತೆಯೇ ಇದ್ದ ಅದು ನಿಜಕ್ಕೂ ನೀರು ಹೋಗದಂತೆ ಮುಚ್ಚುವ ಬರಿಯ ಮುಚ್ಚಳವಾಗಿತ್ತು. ದೋಣಿಯ ಇಕ್ಕಟ್ಟಿನಲ್ಲಿ ಮಲಗಿ ಹುಡುಕಿದ್ದರೆ ಇಡೀ ದಿನ ಹೋಗುತ್ತಿತ್ತು. ಮೀಟರ್ 40 ತೋರಿಸಿದರೆ ಎಲ್ಲೋ ಮೂರನೆಯ ಟರ್ಮಿನೇಟರ್ ಅಡಗಿ ಕೂತಿದೆ ಎಂದರ್ಥ.

ಕೇಬಲ್ ವಿಷಯದಲ್ಲಿ ನಾನು ಕಂಡುಕೊಂಡ ಒಂದು ಉಳಿತಾಯವನ್ನೂ ಹೇಳಿಬಿಡುತ್ತೇನೆ. ಕಾರ್ಖಾನೆಗಳ ಯಂತ್ರಗಳಲ್ಲಿ ಬಳಸುವ ಡಿವೈಸ್‌ನೆಟ್ ಎಂಬ ಜಾಲದ ತೆಳು ಕೇಬಲ್‌ಗೂ ಎನ್‌ಎಂಇಎ 2000 ಕೇಬಲ್‌ಗೂ ಒಂದೇ ಐದು ಪಿನ್ನಿನ ಎಂ12 ಕನೆಕ್ಟರ್, ಅದೇ ಐದು ತಂತಿಗಳ ಜೋಡಣೆ. ಕಾರ್ಖಾನೆಯ ಉಳಿಕೆ ಮಾಲು ಮಾರುವವರ ಬಳಿ ಅದು ದೋಣಿಯ ಹೆಸರು ಹೊತ್ತ ಕೇಬಲ್‌ಗಿಂತ ಎಷ್ಟೋ ಅಗ್ಗ. ಕನೆಕ್ಟರ್‌ನ ಕಚ್ಚು ಎ ಮಾದರಿಯದೇ, ಐದೂ ತಂತಿಗಳಿವೆಯೇ ಎಂದು ನೋಡಿಕೊಂಡು ಕ್ಯಾಬಿನ್ನಿನ ಒಳಗಿನ ಬ್ಯಾಕ್‌ಬೋನ್‌ಗೆ, ಅಂದರೆ ಜಾಲದ ಮುಖ್ಯ ಕೇಬಲ್‌ಗೆ, ಅದನ್ನೇ ಹಾಕಿದ್ದೇನೆ. ಬಿಸಿಲು ಮತ್ತು ಉಪ್ಪುನೀರು ತಾಗುವ ಕಡೆ ಮಾತ್ರ ದೋಣಿಗೆಂದೇ ಮಾಡಿದ್ದನ್ನು ಬಳಸಿದ್ದೇನೆ. ಬ್ಯಾಕ್‌ಬೋನ್‌ನಿಂದ ಉಪಕರಣಕ್ಕೆ ಹೋಗುವ ಕವಲು ಆರು ಮೀಟರ್ ಮೀರಬಾರದು ಎಂಬ ನಿಯಮ ಯಾವ ಕೇಬಲ್ ಆದರೂ ಒಂದೇ.

ಕನೆಕ್ಟರ್ ನೋಡಿ ಹೆದರಬೇಕಾಗಿಲ್ಲ ಎಂಬುದನ್ನೂ ನಾನು ತಡವಾಗಿ ಕಲಿತೆ. ರೇಮರೀನ್‌ನ ಸೀಟಾಕ್-ಎನ್‌ಜಿ, ಸಿಮ್ರಾಡ್‌ನ ಹಳೆಯ ಸಿಮ್‌ನೆಟ್, ಇವುಗಳ ಪ್ಲಗ್ ಬೇರೆಯಾದರೂ ಒಳಗೆ ಹರಿಯುವುದು ಎನ್‌ಎಂಇಎ 2000 ಭಾಷೆಯೇ. ಒಂದು ಜೋಡಣೆ ಕೇಬಲ್ ಇದ್ದರೆ ಸಾಕು. ಪ್ಲಗ್ ಹೊಂದುವುದಿಲ್ಲವೆಂದು ಜನ ಬಿಟ್ಟುಹೋಗುವ ಸಂವೇದಕಗಳು ಹೀಗಾಗಿ ಬಹಳ ಕಡಿಮೆ ಬೆಲೆಗೆ ಸಿಗುತ್ತವೆ. ಆದರೆ ಕೊಳ್ಳುವ ಮೊದಲು ಆ ಜೋಡಣೆ ಕೇಬಲ್, ಪವರ್ ಕೇಬಲ್, ಕೂರಿಸುವ ಹಿಡಿಕೆ, ಬಿಸಿಲು ಮುಚ್ಚಳ ಇವುಗಳ ಬೆಲೆಯನ್ನೂ ಕೂಡಿಸಿ ನೋಡುತ್ತೇನೆ. ಕೇಬಲ್ ಇಲ್ಲದ ಪ್ಲಾಟರ್‌ಗೆ ಕೇಬಲ್ ಹುಡುಕಿ ಕೊಳ್ಳುವ ಹೊತ್ತಿಗೆ ಕೇಬಲ್ ಇರುವ ಪ್ಲಾಟರ್‌ಗಿಂತ ಹೆಚ್ಚು ಖರ್ಚಾದದ್ದನ್ನು ಎರಡು ಸಲ ಅನುಭವಿಸಿದ್ದೇನೆ.

ಟ್ರಾನ್ಸ್‌ಡ್ಯೂಸರನ್ನು ಮೇಜಿನ ಮೇಲೆ ಪೂರ್ತಿ ಪರೀಕ್ಷಿಸಲು ಆಗುವುದಿಲ್ಲ. ಆದರೂ ಕೆಲವು ಸುಳಿವುಗಳು ಸಿಗುತ್ತವೆ. ಕರೆಂಟು ಕೊಟ್ಟು ಕಿವಿಯ ಹತ್ತಿರ ಹಿಡಿದರೆ ಟಿಕ್ ಟಿಕ್ ಎಂಬ ಸಣ್ಣ ಶಬ್ದ ಕೇಳಬೇಕು. ವೇಗದ ಚಕ್ರವಿದ್ದರೆ ಬೆರಳಿನಿಂದ ತಿರುಗಿಸಿದಾಗ ಅಂಕಿ ಏಳಬೇಕು. ತಾಪಮಾನದ ಸಂವೇದಕ ಹೆಚ್ಚಾಗಿ 25 ಡಿಗ್ರಿ ಸೆಲ್ಸಿಯಸ್‌ನಲ್ಲಿ ಹತ್ತು ಸಾವಿರ ಓಮ್ ತೋರಿಸುವಂಥದ್ದು. ಕೈಯಲ್ಲಿ ಹಿಡಿದು ಬೆಚ್ಚಗಾಗಿಸಿದರೆ ಓಮ್ ಇಳಿಯಬೇಕು. ಪ್ಲಗ್ ಇಲ್ಲದ್ದನ್ನು ಮಾತ್ರ ಈಗ ಪುಕ್ಕಟೆ ಕೊಟ್ಟರೂ ತೆಗೆದುಕೊಳ್ಳುವುದಿಲ್ಲ.

ಮೇಜು ನನ್ನನ್ನು ಉಳಿಸಿದ ಇನ್ನೊಂದು ಸಂದರ್ಭ ಜಿಪಿಎಸ್ ಆಂಟೆನಾದ್ದು. ಹಳೆಯ 4800 ಬಾಡ್ ವೇಗದ ಎನ್‌ಎಂಇಎ 0183 (ಎನ್‌ಎಂಇಎ 2000ಕ್ಕೂ ಹಿಂದಿನ ಭಾಷೆ) ಮಾದರಿ, ಡಬ್ಬಿಯೂ ತೆರೆಯದ ಹಳೆಯ ದಾಸ್ತಾನು. ಕಿಟಕಿಯ ಬಳಿ ಇಟ್ಟು ಕಂಪ್ಯೂಟರ್‌ಗೆ ಜೋಡಿಸಿದೆ. ಅಕ್ಷಾಂಶ, ರೇಖಾಂಶ ಕರಾರುವಾಕ್ಕು. ದಿನಾಂಕ ಮಾತ್ರ ಸುಮಾರು ಇಪ್ಪತ್ತು ವರ್ಷ ಹಿಂದಿನದು! ಜಿಪಿಎಸ್ ಉಪಗ್ರಹಗಳ ಹಳೆಯ ಸಂದೇಶ ವಾರಗಳನ್ನು ಎಣಿಸುವುದು 1024ರವರೆಗೆ ಮಾತ್ರ. ಆಮೇಲೆ ಮತ್ತೆ ಸೊನ್ನೆಯಿಂದ ಆರಂಭ. 1999ರ ಆಗಸ್ಟ್‌ನಲ್ಲಿ ಒಮ್ಮೆ, 2019ರ ಏಪ್ರಿಲ್‌ನಲ್ಲಿ ಇನ್ನೊಮ್ಮೆ ಹೀಗಾಯಿತು. ಅದಕ್ಕೆ ಸಿದ್ಧವಾಗಿರದ ಹಳೆಯ ಜಿಪಿಎಸ್ ರಿಸೀವರ್‌ಗಳು ಸ್ಥಾನವನ್ನು ಸರಿಯಾಗಿ ಹೇಳುತ್ತ ಕಾಲವನ್ನು ತಪ್ಪಾಗಿ ಹೇಳುತ್ತವೆ. ಪ್ಲಾಟರ್ ಉಬ್ಬರವಿಳಿತ ಲೆಕ್ಕ ಹಾಕುವುದು ಆ ದಿನಾಂಕದ ಮೇಲೆ. ತಪ್ಪು ದಿನಾಂಕದ ಉಬ್ಬರವನ್ನು ನಂಬಿ ನದೀಮುಖ ದಾಟಲು ಹೊರಟರೆ ಏನಾಗಬಹುದು ಎಂದು ಯೋಚಿಸಿದೆ. ಮಾರಾಟಗಾರರಿಗೆ ಇದು ಗೊತ್ತೇ ಇರಲಿಲ್ಲ. ವಿವರಿಸಿ ಬರೆದಾಗ ಹಣ ಹಿಂತಿರುಗಿಸಿ, ತಮ್ಮ ಬಳಿ ಉಳಿದಿದ್ದವನ್ನೂ ಮಾರಾಟದಿಂದ ತೆಗೆದರು.

ಎಐಎಸ್ ಟ್ರಾನ್ಸ್‌ಪಾಂಡರ್ (ದೋಣಿಯ ಗುರುತು, ಸ್ಥಾನಗಳನ್ನು ಸುತ್ತಲಿನವರಿಗೆ ರೇಡಿಯೊದಲ್ಲಿ ಸಾರುವ ಸಾಧನ) ಕೊಂಡಾಗ ಮೇಜಿನ ಮೇಲೆ ಎಲ್ಲವೂ ಸರಿಯಾಗಿತ್ತು, ಆದರೆ ಒಳಗೆ ಇನ್ನೊಬ್ಬರ ದೋಣಿ ಇತ್ತು. ಎಐಎಸ್ ಪ್ರಸಾರ ಮಾಡುವ ಪ್ರತಿ ದೋಣಿಗೂ ಅದನ್ನು ಗುರುತಿಸುವ ಒಂಬತ್ತು ಅಂಕಿಗಳ ಎಂಎಂಎಸ್‌ಐ ಸಂಖ್ಯೆ ಇರುತ್ತದೆ. ಮೊದಲ ಮೂರು ಅಂಕಿ ದೇಶದ್ದು. ನಾನು ಕೊಂಡ ಸಾಧನದಲ್ಲಿ ಅದನ್ನು ಬಳಕೆದಾರರು ಒಮ್ಮೆ ಮಾತ್ರ ಬರೆಯಬಹುದಿತ್ತು, ಅಳಿಸಲು ತಯಾರಕರ ಸೇವಾಕೇಂದ್ರವೇ ಬೇಕು. ಹಾಗೆಯೇ ಪ್ರಸಾರ ಮಾಡಿದ್ದರೆ ಸಮುದ್ರದಲ್ಲಿ ನಮ್ಮನ್ನು ಬೇರೆಯವರ ಹೆಸರಿನಲ್ಲಿ ಕರೆಯುತ್ತಿದ್ದರು, ಅಪಾಯದ ಹೊತ್ತಿನಲ್ಲಿ ಹುಡುಕುವವರು ಬೇರೆಯವರ ಮನೆಗೆ ಫೋನ್ ಮಾಡುತ್ತಿದ್ದರು. ಪ್ರಸಾರ ನಿಲ್ಲಿಸಿ, ಖರೀದಿಯ ಪತ್ರದೊಂದಿಗೆ ಸೇವಾಕೇಂದ್ರಕ್ಕೆ ಕಳುಹಿಸಿ ಸಂಖ್ಯೆ ಅಳಿಸಿಸಿಕೊಂಡೆ. ತುರ್ತು ಕರೆಯ ಗುಂಡಿ ಇರುವ ವಿಎಚ್‌ಎಫ್ ರೇಡಿಯೊಗಳಿಗೂ ಇದೇ ಮಾತು. ಕೊಳ್ಳುವ ಮುಂಚೆಯೇ ಕೇಳಿ: ಸಂಖ್ಯೆ ಅಳಿಸಿದೆಯೇ?

ಇನ್ನು ನಾನು ಮುಟ್ಟದೇ ಇರುವುದು ಇಪಿಐಆರ್‌ಬಿ, ಅಂದರೆ ದೋಣಿ ಮುಳುಗುವಾಗ ಉಪಗ್ರಹಕ್ಕೆ ಕೂಗಿ ಹೇಳುವ ಬೀಕನ್. ಅದರ ಬ್ಯಾಟರಿಗೆ ಅವಧಿ ಇದೆ, ಒಳಗಿನ ಗುರುತು ಒಂದು ದೇಶದ ನೋಂದಣಿಗೆ ಅಂಟಿಕೊಂಡಿರುತ್ತದೆ, ಮತ್ತು ಅದು ನಿಜಕ್ಕೂ ಕೆಲಸ ಮಾಡುತ್ತದೆಯೇ ಎಂಬುದು ಗೊತ್ತಾಗುವುದು ಒಂದೇ ಒಂದು ದಿನ. 121.5 ಮೆಗಾಹರ್ಟ್ಸ್‌ನಲ್ಲಿ ಮಾತ್ರ ಕೂಗುವ ಹಳೆಯ ಬೀಕನ್‌ಗಳು ಮಾರಾಟಕ್ಕೆ ಬಂದದ್ದನ್ನು ನೋಡಿದ್ದೇನೆ. ಆ ತರಂಗವನ್ನು ಕಾಸ್ಪಾಸ್-ಸಾರ್ಸಾಟ್ ಉಪಗ್ರಹ ವ್ಯವಸ್ಥೆ ಕೇಳುವುದನ್ನು 2009ರ ಫೆಬ್ರುವರಿ 1ರಂದೇ ನಿಲ್ಲಿಸಿದೆ. ಈಗಿನದು 406 ಮೆಗಾಹರ್ಟ್ಸ್. ಹಳೆಯದನ್ನು ಮಾರುವವರಿಗೆ ಪ್ರತಿ ಸಲವೂ ಬರೆದು ತಿಳಿಸುತ್ತೇನೆ. ಕೆಲವರು ತೆಗೆಯುತ್ತಾರೆ, ಕೆಲವರು ಉತ್ತರಿಸುವುದಿಲ್ಲ. ಉತ್ತರಿಸದವರ ಮೇಲೆ ನನಗೆ ಈಗಲೂ ಸಿಟ್ಟಿದೆ. ನಮ್ಮ ಇಪಿಐಆರ್‌ಬಿ ಮತ್ತು ರೇಡಿಯೊ, ಇವೆರಡನ್ನೇ ನಾವು ಹೊಸದಾಗಿ ಪೂರ್ತಿ ಬೆಲೆ ಕೊಟ್ಟು ಕೊಂಡದ್ದು.

ಮುಳುಗಿದ ದೋಣಿಯ ಮಾಲಿನ ಬಗ್ಗೆ ಹೇಳುತ್ತೇನೆಂದಿದ್ದೆ. ಐಪಿಎಕ್ಸ್7 ಎಂದು ಬರೆದಿರುವ ಪರದೆ ಒಂದು ಮೀಟರ್ ನೀರಿನಲ್ಲಿ ಮೂವತ್ತು ನಿಮಿಷ ತಡೆದುಕೊಳ್ಳುವಂಥದ್ದು; ಮುಳುಗಿದ ದೋಣಿ ದಿನಗಟ್ಟಲೆ ನೀರಿನಲ್ಲಿರುತ್ತದೆ. ಸ್ಕ್ರೂ ತಲೆಗಳ ಸಂದಿನಲ್ಲಿ ಬಿಳಿ ಪುಡಿ, ಪಿನ್ನುಗಳ ಬುಡದಲ್ಲಿ ಹಸಿರು, ಗಾಜಿನ ಒಳಮೈಯಲ್ಲಿ ಮಂಜು ಕಂಡರೆ ನಾನು ಮುಂದಿನ ಪುಟಕ್ಕೆ ಹೋಗುತ್ತೇನೆ. ಅದಕ್ಕೇ ಪಿನ್ನುಗಳ ಹತ್ತಿರದ ಚಿತ್ರ ಕೇಳುವುದು. ಕದ್ದ ಮಾಲಿಗೆ ಮದ್ದು ಸರಣಿ ಸಂಖ್ಯೆ. ಚೀಟಿ ಕೆರೆದಿದ್ದರೆ, ಸಂಖ್ಯೆ ಕೊಡಲು ಹಿಂಜರಿದರೆ, ಕೇಬಲ್‌ಗಳನ್ನು ಅವಸರದಲ್ಲಿ ಕತ್ತರಿಸಿದಂತಿದ್ದರೆ ಬೇಡ. ಇನ್ನೊಬ್ಬರ ದೋಣಿಯನ್ನು ಕುರುಡಾಗಿಸಿ ತಂದದ್ದನ್ನು ನಮ್ಮದರಲ್ಲಿ ಹಾಕಿಕೊಳ್ಳಲು ನನ್ನಿಂದ ಆಗದು.

ನಾನು ಹೆಚ್ಚು ನಂಬುವುದು ಉಪಕರಣ ಜೋಡಿಸುವ ಕೆಲಸದವರನ್ನು. ಗ್ರಾಹಕರ ದೋಣಿಯಿಂದ ಇಳಿಸಿದ್ದನ್ನು ಮಾರುವ ಅವರಿಗೆ ಪಾರ್ಟ್ ನಂಬರ್ ಬಾಯಿಪಾಠವಾಗಿರುತ್ತದೆ. ಏಕೆ ಬಿಚ್ಚಿದಿರಿ ಎಂದು ಕೇಳಿದರೆ ನೇರ ಉತ್ತರ ಬರುತ್ತದೆ. ಪರದೆ ಹೊತ್ತಿಸಿ, ಎಷ್ಟು ಗಂಟೆ ಓಡಿದೆ ಎಂಬ ಪುಟದ ಚಿತ್ರ ಕಳುಹಿಸಿ ಎಂದರೆ ಬೇಸರಿಸುವುದಿಲ್ಲ. "ಪರೀಕ್ಷಿಸಿಲ್ಲ, ಇದ್ದ ಹಾಗೆ ಮಾರಾಟಕ್ಕಿದೆ" ಎಂದು ಬರೆಯುವವರಲ್ಲಿ ಕೆಲವರಿಗೆ ನಿಜವಾಗಿಯೂ ಪರೀಕ್ಷಿಸುವ ಸೌಕರ್ಯವಿಲ್ಲ. ಉಳಿದವರು ಪರೀಕ್ಷಿಸಿ ನೋಡಿಯೇ ಹಾಗೆ ಬರೆದಿರುತ್ತಾರೆ. ಅವರನ್ನು ಬೇರ್ಪಡಿಸುವ ಉಪಾಯ ನನಗೆ ಸಿಕ್ಕಿಲ್ಲ, ಹಾಗಾಗಿ ಇಬ್ಬರಿಂದಲೂ ಕೊಳ್ಳುವುದಿಲ್ಲ.

ಈ ವರ್ಷದ ಖರೀದಿ ಒಂದು ಚಾರ್ಟ್‌ಪ್ಲಾಟರ್. ವಯಸ್ಸಾದವರೊಬ್ಬರು ದೋಣಿ ಮಾರುವ ಮೊದಲು ಬಿಚ್ಚಿಟ್ಟುಕೊಂಡಿದ್ದದ್ದು. ಹಲಗೆಗೆ ಜೋಡಿಸಿ ಹೊತ್ತಿಸಿದಾಗ ಹಳೆಯ ಗುರುತುಗಳೆಲ್ಲ ಹಾಗೆಯೇ ಇದ್ದವು. ಇನ್ನೂರ ಎಂಬತ್ತಕ್ಕೂ ಹೆಚ್ಚು. ಲಂಗರು ಹಾಕಿದ ಜಾಗಗಳು, ಬಂಡೆಗಳು, "ಇಲ್ಲಿ ಡಾಲ್ಫಿನ್" ಎಂದು ಒಂದು, ಬರೀ ಒಂದು ಹೆಸರು ಇನ್ನೊಂದಕ್ಕೆ. ಅಳಿಸುವ ಆಯ್ಕೆಯ ಮೇಲೆ ಇಟ್ಟ ಬೆರಳನ್ನು ಹಿಂತೆಗೆದೆ. ಇವು ನಿಮಗೆ ಬೇಕೇ ಎಂದು ಅವರಿಗೆ ಬರೆದೆ. ಎರಡು ದಿನ ಉತ್ತರವಿರಲಿಲ್ಲ. ಮೂರನೆಯ ದಿನ, ಅವನ್ನು ಹೊರತೆಗೆಯಬಹುದೆಂದು ತಮಗೆ ಗೊತ್ತಿರಲಿಲ್ಲ, ದಯವಿಟ್ಟು ಕಳುಹಿಸಿಕೊಡಿ ಎಂದು ಬರೆದರು. ಎಲ್ಲವನ್ನೂ ಒಂದು ಮೆಮೊರಿ ಕಾರ್ಡಿಗೆ ತುಂಬಿಸಿ, ಕಂಪ್ಯೂಟರ್‌ನಲ್ಲಿ ನಕ್ಷೆಯ ಮೇಲೆ ತೆರೆಯುವುದು ಹೇಗೆ ಎಂದು ಚೀಟಿ ಬರೆದಿಟ್ಟು ಅಂಚೆಗೆ ಹಾಕಿದೆ. ಕಾರ್ಡು ತಲುಪಿತು, ತೆರೆಯಿತು ಎಂದು ಅವರಿಂದ ಸುದ್ದಿ ಬಂದ ಮೇಲೆಯೇ ಪ್ಲಾಟರನ್ನು ಖಾಲಿ ಮಾಡಿದೆ. ಶನಿವಾರ ತಮ್ಮನೂ ನಾನೂ ಅದನ್ನು ದೋಣಿಯಲ್ಲಿ ಕೂರಿಸಲಿದ್ದೇವೆ.